ಬಣ್ಣದ ಹನಿಗೂ ಅಂಕ: ನ್ಯೂಜೆರ್ಸಿಯ ಹಳೆ ಮಸ್ಟಾಂಗ್‌ಗಳ ಜೀರ್ಣೋದ್ಧಾರ

1965ರ ಫೋರ್ಡ್ ಮಸ್ಟಾಂಗ್ ಕಾರಿನ ಗುರುತಿನ ಸಂಖ್ಯೆಯಲ್ಲಿ ಇರುವುದು ಹನ್ನೊಂದೇ ಅಕ್ಷರ. 5ಟಿ07ಸಿ ಎಂದು ಶುರುವಾಗಿ ಮುಂದೆ ಆರು ಅಂಕಿ. 5 ಎಂದರೆ 1965ರ ಮಾಡೆಲ್, 07 ಎಂದರೆ ಗಟ್ಟಿ ಚಾವಣಿಯ ಎರಡು ಬಾಗಿಲಿನ ಕಾರು, ಸಿ ಎಂದರೆ 289 ಘನ ಇಂಚಿನ ವಿ-8 ಎಂಜಿನ್. ನಡುವೆ ಕೂತ ಟಿ ಕಾರು ಹುಟ್ಟಿದ ಜಾಗವನ್ನು ಹೇಳುತ್ತದೆ: ನ್ಯೂಜೆರ್ಸಿಯ ಮೆಟಚನ್ ಕಾರ್ಖಾನೆ. ಹೆಸರು ಮೆಟಚನ್ನಿನದಾದರೂ ಕಾರ್ಖಾನೆ ಇದ್ದದ್ದು ಪಕ್ಕದ ಎಡಿಸನ್ನಿನಲ್ಲಿ, ರೂಟ್ 1 ಹೆದ್ದಾರಿಯ ಬದಿಗೆ. ಓಕ್ ಟ್ರೀ ರೋಡಿನಲ್ಲಿ ದೋಸೆಯಿಂದ ರೇಷ್ಮೆ ಸೀರೆಯವರೆಗೆ ಎಲ್ಲ ಸಿಗುವ, ಉಡುಪಿಯ ಪುತ್ತಿಗೆ ಮಠದ ಕೃಷ್ಣ ವೃಂದಾವನ ಇರುವ, ಕನ್ನಡದ ಮನೆಗಳೂ ಸಾಕಷ್ಟಿರುವ ಅದೇ ಎಡಿಸನ್. 1948ರಲ್ಲಿ ಶುರುವಾದ ಕಾರ್ಖಾನೆ 2004ರಲ್ಲಿ ಮುಚ್ಚಿತು. ಈಗ ಅಲ್ಲಿ ದೊಡ್ಡ ಅಂಗಡಿಗಳೂ ಅವುಗಳ ಪಾರ್ಕಿಂಗೂ ಇವೆ.

ಮಸ್ಟಾಂಗ್ ಜನರೆದುರು ಬಂದದ್ದೂ ಇಲ್ಲಿಗೆ ಹತ್ತಿರದಲ್ಲೇ. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ಫ್ಲಶಿಂಗ್ ಮೆಡೋಸ್‌ನ ವಿಶ್ವ ಮೇಳದ ಆವರಣದಲ್ಲಿ ಫೋರ್ಡ್ ಕಂಪನಿ ಅದನ್ನು ಬಿಡುಗಡೆ ಮಾಡಿತು. ಆರಂಭದ ಬೆಲೆ 2,368 ಡಾಲರ್. ಫಾಲ್ಕನ್ ಎಂಬ ಸಾಧಾರಣ ಸಂಸಾರಸ್ಥರ ಕಾರಿನ ಅಡಿಭಾಗವನ್ನೂ ಯಂತ್ರಭಾಗಗಳನ್ನೂ ಬಳಸಿಕೊಂಡು ಮೇಲೆ ಉದ್ದ ಬಾನೆಟ್, ಗಿಡ್ಡ ಡಿಕ್ಕಿಯ ಹೊಸ ಮೈ ಕೂರಿಸಿದ್ದರು. ಮೊದಲ ವರ್ಷವೇ 4 ಲಕ್ಷಕ್ಕೂ ಹೆಚ್ಚು ಕಾರು ಮಾರಿಹೋದವು. ಡಿಯರ್‌ಬಾರ್ನ್, ಸ್ಯಾನ್ ಹೋಸೆ ಕಾರ್ಖಾನೆಗಳು ಸಾಲದೆ 1965ರಲ್ಲಿ ಮೆಟಚನ್ ಕೂಡ ಸೇರಿಕೊಂಡಿತು. ಹೊಸದಾಗಿ ಕೆಲಸಕ್ಕೆ ಸೇರಿದವರು ಕಂತಿನಲ್ಲಿ ಕೊಂಡು, ನಾಲ್ಕಾರು ವರ್ಷ ಓಡಿಸಿ, ಮಾರಿಬಿಡುವ ಕಾರು ಇದು. ಅರವತ್ತು ವರ್ಷ ಬಾಳಬೇಕೆಂದು ಯಾರೂ ಇದನ್ನು ಮಾಡಿರಲಿಲ್ಲ. ಹಾಗೂ ಹೀಗೂ ಬಾಳಿದ್ದನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದರ ಮೇಲೆ ಈಗ ಜಗಳ.

ಈ ಕಡೆ ಮೂರು ಪಂಥಗಳಿವೆ. ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೇ ಮಾಡುತ್ತೇವೆ ಎನ್ನುವವರದು ಮೊದಲನೆಯದು. ಇದು ಪ್ರದರ್ಶನ, ಬಹುಮಾನ, ತೀರ್ಪುಗಾರರ ಲೋಕ. ಹೊರಗೆ ಹಳೆ ಮೈ, ಒಳಗೆ ಹೊಸ ಎಂಜಿನ್, ಹೊಸ ಬ್ರೇಕ್, ಏಸಿ ಎನ್ನುವವರದು ಎರಡನೆಯದು. ಇವರ ಕಾರಿಗೆ ರೆಸ್ಟೊಮಾಡ್ ಎಂಬ ಹೆಸರಿದೆ. ಕೆಟ್ಟದ್ದನ್ನಷ್ಟೇ ರಿಪೇರಿ ಮಾಡಿಸಿ ಓಡಿಸುವವರದು ಮೂರನೆಯದು. ಇವರಿಗೆ ಹೆಸರೂ ಇಲ್ಲ, ಬಹುಮಾನವೂ ಕಡಿಮೆ. ಮೂರನ್ನೂ ಅಳೆಯಲು ನನಗೆ ಎರಡೇ ಪ್ರಶ್ನೆ ಸಾಕು. ಮಾಡಿದ ಕೆಲಸವನ್ನು ನಾಳೆ ಇನ್ನೊಬ್ಬರು ಬಿಚ್ಚಿ ಹಿಂದಿನಂತೆ ಮಾಡಲು ಸಾಧ್ಯವೇ? ಏನು ಮಾಡಿದ್ದೇವೆಂದು ಪ್ರಾಮಾಣಿಕವಾಗಿ ಬರೆದಿಟ್ಟಿದ್ದಾರೆಯೇ?

ಮೊದಲು ತುಕ್ಕಿನ ಮಾತು, ಏಕೆಂದರೆ ಮೂರೂ ಪಂಥಗಳು ಎದುರಿಸುವ ಪರೀಕ್ಷೆ ಅದೊಂದೇ. ನ್ಯೂಜೆರ್ಸಿಯಲ್ಲಿ ಹಿಮ ಬೀಳುವ ಸೂಚನೆ ಸಿಕ್ಕರೆ ಸಾಕು, ರಸ್ತೆಗೆ ಉಪ್ಪು ಸುರಿಯುತ್ತಾರೆ. ಅದು ಕಾರನ್ನು ಕೆಳಗಿನಿಂದ ತಿನ್ನುತ್ತದೆ. ಮಸ್ಟಾಂಗ್‌ಗೆ ಮೇಲಿನಿಂದಲೂ ಒಂದು ಕಾಯಿಲೆ ಇದೆ. ಮುಂದಿನ ಗಾಜಿನ ಬುಡದಲ್ಲಿ, ವೈಪರ್‌ಗಳ ಹತ್ತಿರ, ಗಾಳಿ ಒಳಬರಲು ಸೀಳುಗಳಿವೆ. ಅವುಗಳ ಕೆಳಗೆ ಎರಡು ತಗಡುಗಳನ್ನು ಸೇರಿಸಿ ಬೆಸೆದ ಪೊಳ್ಳು ಜಾಗ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಕೌಲ್. ಅದರ ತಳದಲ್ಲಿ ಗಾಳಿಗೆಂದು ಎಡಕ್ಕೊಂದು ಬಲಕ್ಕೊಂದು ತೂತು, ಮಳೆನೀರು ಒಳಗಿಳಿಯದಂತೆ ತೂತಿನ ಸುತ್ತ ಏರಿಸಿದ ಅಂಚು. ಮರದಡಿ ನಿಲ್ಲಿಸಿದ ಕಾರಿನ ಸೀಳುಗಳಲ್ಲಿ ಎಲೆ ಬಿದ್ದು, ಕೊಳೆತು, ತೇವ ನಿಂತು ಆ ಅಂಚಿನ ಬುಡ ಕರಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಮಳೆಯ ದಿನ ಡ್ರೈವರ್ ಪಾದದ ಮೇಲೆ ನೀರು ತೊಟ್ಟಿಕ್ಕಿದಾಗಲೇ ಗೊತ್ತಾಗುವುದು. ಅಷ್ಟರಲ್ಲಿ ಕಾರ್ಪೆಟ್ ನೆನೆದು, ಅದರಡಿಯ ನೆಲದ ತಗಡು ಅರ್ಧ ಹೋಗಿರುತ್ತದೆ. ತಿಳಿದವರು ಕಾರು ನೋಡಲು ಹೋದಾಗ ಎಂಜಿನ್ ಶಬ್ದ ಕೇಳುವ ಮೊದಲು ಒಂದು ಬಕೆಟ್ ನೀರು ಕೇಳುತ್ತಾರೆ. ಸೀಳಿಗೆ ನೀರು ಹೊಯ್ದು ಡ್ಯಾಶ್‌ಬೋರ್ಡಿನಡಿ ಟಾರ್ಚ್ ಬಿಡುತ್ತಾರೆ.

ಇದಕ್ಕೆ ಮದ್ದು ಎರಡು ಬಗೆ. ಮೇಲಿನಿಂದ ಅಂಟು ಸುರಿದು ತೂತು ಮುಚ್ಚುವುದು ಸುಲಭ. ಕಾರು ಮಾರುವವರೆಗೆ ನಿಲ್ಲುತ್ತದೆ. ಸರಿಯಾದ ಕೆಲಸ ಬೇಕೆಂದರೆ ಗಾಜು ಬಿಚ್ಚಿ, ಸಾಲಾಗಿ ಕೂತ ಬೆಸುಗೆಯ ಚುಕ್ಕೆಗಳನ್ನು ಒಂದೊಂದಾಗಿ ಡ್ರಿಲ್ ಮಾಡಿ, ಮೇಲಿನ ತಗಡನ್ನು ಎತ್ತಿ, ಕೆಳಗಿನದನ್ನು ಕತ್ತರಿಸಿ ಹೊಸದು ಬೆಸೆದು, ಮತ್ತೆ ಮುಚ್ಚಬೇಕು. ಇಷ್ಟೆಲ್ಲ ಮಾಡಿ ಮುಗಿದ ಮೇಲೆ ಕಣ್ಣಿಗೆ ಏನೂ ಕಾಣದು. ಪ್ರದರ್ಶನದ ತೀರ್ಪುಗಾರ ಅಲ್ಲಿಗೆ ಇಣುಕಲಾರ. ಈ ವಿದ್ಯೆಯ ಅತ್ಯಂತ ಕಷ್ಟದ ಕೆಲಸಕ್ಕೆ ಅಂಕವೇ ಇಲ್ಲ ಎಂಬುದನ್ನು ಗಮನದಲ್ಲಿಟ್ಟುಕೊಂಡು ಮೊದಲ ಪಂಥವನ್ನು ನೋಡಬೇಕು.

1935ರಲ್ಲಿ ಹುಟ್ಟಿದ ಆಂಟೀಕ್ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕ, 1976ರಲ್ಲಿ ಹುಟ್ಟಿದ ಮಸ್ಟಾಂಗ್ ಕ್ಲಬ್ ಆಫ್ ಅಮೆರಿಕ ಇಂಥ ಸಂಸ್ಥೆಗಳು ತೀರ್ಪಿನ ನಿಯಮಗಳನ್ನು ವರ್ಷಗಟ್ಟಲೆ ತಿದ್ದಿ ತೀಡಿವೆ. ಮಸ್ಟಾಂಗ್ ಕ್ಲಬ್ಬಿನ ಕಟ್ಟುನಿಟ್ಟಾದ ವರ್ಗದಲ್ಲಿ ತೀರ್ಪುಗಾರ ಕಾರಿನಡಿ ಮಲಗಿ ಟಾರ್ಚ್ ಹಿಡಿದು ನೋಡುವುದು ಹೊಳಪನ್ನಲ್ಲ. ಪ್ರೈಮರಿನ ಮೇಲೆ ಮೈಬಣ್ಣ ಎಲ್ಲಿಯವರೆಗೆ ಸಿಡಿದಿರಬೇಕು, ಸಂದಿಗೆ ಬಳಿದ ಸೀಲರ್ ಎಷ್ಟು ಒರಟಾಗಿರಬೇಕು, ತಪಾಸಣೆ ಮಾಡಿದವನು ಆಕ್ಸಲ್ ಮೇಲೆ ಯಾವ ಬಣ್ಣದಲ್ಲಿ ಗೀಚಿರಬೇಕು ಎಂಬುದನ್ನೆಲ್ಲ ನೋಡುತ್ತಾನೆ. ಒಂದೊಂದು ಕಾರ್ಖಾನೆಗೆ ಒಂದೊಂದು ರೂಢಿ. ಮೆಟಚನ್ ಕಾರಿಗೆ ಸ್ಯಾನ್ ಹೋಸೆಯ ರೀತಿ ಬಣ್ಣ ಹೊಡೆದರೆ ಅಂಕ ಹೋಗುತ್ತದೆ. ಹಾಗಾಗಿ ಜೀರ್ಣೋದ್ಧಾರ ಮಾಡುವವನು 1965ರ ಕೆಲಸಗಾರ ಅವಸರದಲ್ಲಿ ಬಿಟ್ಟ ಬಣ್ಣದ ಹನಿಯನ್ನು ನಿಧಾನವಾಗಿ, ಅಳೆದು, ಅದೇ ಜಾಗದಲ್ಲಿ ಮತ್ತೆ ಬಿಡುತ್ತಾನೆ.

ಇದನ್ನು ಹುಚ್ಚು ಎಂದು ತಳ್ಳಿಹಾಕುವುದು ಅನ್ಯಾಯ. ಈ ಹುಚ್ಚು ಇಲ್ಲದಿದ್ದರೆ ಆ ಕಾರ್ಖಾನೆಯಲ್ಲಿ ಕೆಲಸ ಹೇಗೆ ನಡೆಯುತ್ತಿತ್ತು ಎಂಬ ಜ್ಞಾನದಲ್ಲಿ ಬಹುಪಾಲು ಅಳಿದುಹೋಗುತ್ತಿತ್ತು. 1967ರಿಂದೀಚಿನ ಮಾಡೆಲ್‌ಗಳಿಗೆ ಕೆವಿನ್ ಮಾರ್ಟಿ ಎಂಬ ಸಂಶೋಧಕರ ಬಳಿ ಫೋರ್ಡ್ ಕಂಪನಿಯ ಉತ್ಪಾದನೆಯ ದಾಖಲೆಗಳಿವೆ. ದುಡ್ಡು ಕೊಟ್ಟರೆ ನಿಮ್ಮ ಕಾರಿನ ಮೂಲ ಬಣ್ಣ, ಗೇರ್‌ಬಾಕ್ಸ್, ಮಾರಿದ ಡೀಲರ್ ಎಲ್ಲ ತಿಳಿಯುತ್ತದೆ. ಅದಕ್ಕೆ ಹಿಂದಿನ ಕಾರುಗಳಿಗೆ ಆ ಭಾಗ್ಯವಿಲ್ಲ. ಬಾಗಿಲಂಚಿನ ಪುಟ್ಟ ತಗಡುಪಟ್ಟಿ, ಎಂಜಿನ್ ಪಕ್ಕದ ತಗಡಿಗೆ ಕುಟ್ಟಿದ ಸಂಖ್ಯೆ, ಸೀಟಿನಡಿ ಉಳಿದ ಹಳೆ ಬಣ್ಣ, ಇವಷ್ಟೇ ಸಾಕ್ಷಿ. ಅದನ್ನು ಓದಲು ಕಲಿತವರು ಈ ಪಂಥದವರೇ.

ತೊಡಕು ಇರುವುದು ಓದಿದ ಮೇಲೆ ಅವರು ಮಾಡುವುದರಲ್ಲಿ. ಕಾರನ್ನು ಪೂರ್ತಿ ಬಿಚ್ಚಿ, ಮೈಯನ್ನು ಬರಿ ತಗಡಾಗುವವರೆಗೆ ಉಜ್ಜಿ, ಸಿಕ್ಕ ಸಾಕ್ಷಿಯನ್ನೆಲ್ಲ ಅಳಿಸಿ, ಅದರ ನಕಲನ್ನು ಮೇಲೆ ಬರೆಯುತ್ತಾರೆ. ನಮ್ಮೂರುಗಳ ದೇವಸ್ಥಾನದ ಜೀರ್ಣೋದ್ಧಾರ ನೋಡಿದವರಿಗೆ ಇದು ಪರಿಚಿತ ದುಃಖ: ಶ್ರದ್ಧೆಗೆ ಕೊರತೆಯಿಲ್ಲ, ದುಡ್ಡಿಗೂ ಇಲ್ಲ, ಕೆಲಸ ಮುಗಿಯುವ ಹೊತ್ತಿಗೆ ಶಾಸನವಿದ್ದ ಚಪ್ಪಡಿ ಮಾತ್ರ ಕಾಣುವುದಿಲ್ಲ. ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಕಳೆದ ಶಾಸನಕ್ಕೆ ಬದಲಿ ಶಾಸನವನ್ನೂ ಕೆತ್ತಿಸುತ್ತಾರೆ. ಬಾಗಿಲಂಚಿನ ಪಟ್ಟಿಯ ಹೊಸ ಪ್ರತಿಯನ್ನು ಮಾಡಿಸಬಹುದು. ಬಾಗಿಲು, ನೆಲ, ರೆಕ್ಕೆ, ಎಲ್ಲದರ ಹೊಸ ತಗಡೂ ಸಿಗುತ್ತದೆ. ಡೈನಾಕಾರ್ನ್ ಎಂಬ ಕಂಪನಿ 1960ರ ದಶಕದ ಮಸ್ಟಾಂಗ್‌ನ ಇಡೀ ಮೈಯನ್ನೇ ಹೊಸದಾಗಿ ಒತ್ತಿ ಮಾರುತ್ತದೆ. ಆರು ಸಿಲಿಂಡರಿನ ಬಡ ಕಾರಿಗೆ ವಿ-8 ಕೂರಿಸಿ, ಜಿಟಿ ಪಟ್ಟೆ ಎಳೆದು, ದುಬಾರಿ ಮಾಡೆಲ್ ಎಂದು ಮಾರುವ ದಂಧೆಗೆ ದಾರಿ ಸಲೀಸಾಗಿದ್ದು ಹೀಗೆ. ಗುರುತಿನ ಸಂಖ್ಯೆಯ ಐದನೇ ಅಕ್ಷರ ಟಿ ಇದ್ದರೆ ಹುಟ್ಟಿದ್ದು ಆರು ಸಿಲಿಂಡರಿನೊಂದಿಗೆ, ಕೆ ಇದ್ದರೆ 271 ಅಶ್ವಶಕ್ತಿಯ ಅಪರೂಪದ ಎಂಜಿನ್ನಿನೊಂದಿಗೆ. ಬೆಲೆಯ ಅಜಗಜಾಂತರವೆಲ್ಲ ಆ ಒಂದಕ್ಷರದಲ್ಲಿದೆ.

ಎರಡನೇ ಪಂಥದವರಲ್ಲಿ ಈ ಕಪಟವಿಲ್ಲ. ಹೊಸ ಫೋರ್ಡಿನ ಐದು ಲೀಟರಿನ ಎಂಜಿನ್ ಹಾಕಿದವನು ಅದನ್ನು ಮುಚ್ಚಿಡುವುದಿಲ್ಲ, ಬಾನೆಟ್ ಎತ್ತಿ ತೋರಿಸುತ್ತಾನೆ. ಕಾರನ್ನು ತನ್ನಿಷ್ಟಕ್ಕೆ ತಿದ್ದಿಕೊಳ್ಳುವುದು ಮಸ್ಟಾಂಗ್‌ಗೆ ಹೊರಗಿನಿಂದ ಅಂಟಿದ ಚಟವೂ ಅಲ್ಲ. ಎಂಜಿನ್, ಸೀಟು, ಚಕ್ರ, ಗೇರು ಎಲ್ಲ ಕೊಳ್ಳುವವನೇ ಆರಿಸಲಿ ಎಂದು ಉದ್ದದ ಪಟ್ಟಿ ಕೊಟ್ಟೇ ಫೋರ್ಡ್ ಅದನ್ನು ಮಾರಿತ್ತು. ರೇಸ್ ಕಾರುಗಳನ್ನು ಕಟ್ಟುತ್ತಿದ್ದ ಕ್ಯಾರಲ್ ಶೆಲ್ಬಿ 1965ರಲ್ಲಿ ಮುಂದಿನ ಸಸ್ಪೆನ್ಷನ್ನಿನ ಮೇಲಿನ ತೋಳನ್ನು ಸುಮಾರು ಒಂದಿಂಚು ಕೆಳಗಿಳಿಸಿ, ಕಾರು ತಿರುವಿನಲ್ಲಿ ರಸ್ತೆ ಕಚ್ಚಿಕೊಳ್ಳುವಂತೆ ಮಾಡಿ, ಜಿಟಿ350 ಎಂದು ಹೆಸರಿಟ್ಟ. ಎರಡು ತೂತು ಕೊರೆದು ಮಾಡುವ ಆ ತಿದ್ದುಪಡಿಯನ್ನು ಇವತ್ತಿಗೂ ಮನೆಮನೆಯ ಗ್ಯಾರೇಜಿನಲ್ಲಿ ಮಾಡಿಕೊಳ್ಳುತ್ತಾರೆ. ಬೇಡವೆಂದರೆ ತೋಳನ್ನು ಹಳೆ ತೂತಿಗೇ ಮತ್ತೆ ಬಿಗಿದರಾಯಿತು.

ಇಲ್ಲಿ ನನ್ನ ಮೊದಲ ಪ್ರಶ್ನೆ ಕೆಲಸಕ್ಕೆ ಬರುತ್ತದೆ. 1965 ಮತ್ತು 66ರ ಕಾರುಗಳಲ್ಲಿ ನಾಲ್ಕು ಚಕ್ರದ ಬ್ರೇಕಿಗೂ ಒಂದೇ ಸರ್ಕ್ಯೂಟು. ಒಂದು ಪೈಪು ಒಡೆದರೆ ನಾಲ್ಕೂ ಹೋದವು. 1967ರಿಂದ ಫೋರ್ಡ್ ಅದನ್ನು ಎರಡಾಗಿ ಸೀಳಿತು. ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಹಿಂದಿನಿಂದ ಜೋರಾಗಿ ಗುದ್ದಿದರೆ ಪೆಟ್ರೋಲಿಗೂ ಹಿಂದಿನ ಸೀಟಿಗೂ ನಡುವೆ ರಟ್ಟಿನ ಹಲಗೆಯೊಂದೇ ತಡೆ. ಸ್ಟಿಯರಿಂಗಿನ ಸರಳು ಮಡಿಸಿಕೊಳ್ಳದೆ ಎದೆಗೆ ನೆಟ್ಟಗೆ ನಿಂತಿರುತ್ತದೆ. ಇಂಥ ಕಾರಿಗೆ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್, ಮುಂದಕ್ಕೆ ಡಿಸ್ಕ್ ಬ್ರೇಕ್, ಭುಜದ ಬೆಲ್ಟು, ಡಿಕ್ಕಿಗೂ ಸೀಟಿಗೂ ನಡುವೆ ಉಕ್ಕಿನ ಹಲಗೆ ಹಾಕುವುದು ತಪ್ಪಲ್ಲ, ಹಾಕದೆ ಟರ್ನ್‌ಪೈಕ್ ಹೆದ್ದಾರಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವುದು ತಪ್ಪು. ಇವೆಲ್ಲ ಬೋಲ್ಟು ಬಿಗಿದು ಕೂರಿಸುವ ಸಾಮಾನು, ಹಳೆಯದನ್ನು ಡಬ್ಬಿಯಲ್ಲಿಟ್ಟರೆ ಮುಂದಿನವರು ಮತ್ತೆ ಹಾಕಬಹುದು. ಅಗಲದ ಹೊಸ ಎಂಜಿನ್ ಹಿಡಿಸಲೆಂದು ಮುಂದಿನ ಸಸ್ಪೆನ್ಷನ್ ಹೊತ್ತ ಎರಡೂ ಬದಿಯ ಶಾಕ್ ಟವರನ್ನೇ ಕಡಿದುಹಾಕುವುದು ಬೇರೆ ಮಾತು. ಮೈಯೇ ಚಾಸಿಯೂ ಆಗಿರುವ ಕಾರಿನಲ್ಲಿ ಅದು ಎಲುಬು ಕಡಿದಂತೆ, ಹಿಂದಿರುಗುವ ದಾರಿ ಇಲ್ಲ. ಒಂದೇ ಪಂಥದೊಳಗೆ ಮೊದಲಿನದು ವಿವೇಕ, ಎರಡನೆಯದು ದುಡ್ಡಿನ ದರ್ಪ ಎನ್ನುವುದಕ್ಕೆ ನಾನು ಹಿಂಜರಿಯುವುದಿಲ್ಲ.

ಮೂರನೇ ಪಂಥದ ಕೆಲಸ ಚಿಕ್ಕದು, ದಿನನಿತ್ಯದ್ದು. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ತಿಕ್ಕಿ ಅಂತರ ಹೊಂದಿಸಬೇಕು. ಈಗಿನ ಪೆಟ್ರೋಲಿನಲ್ಲಿ ಶೇ. 10 ಎಥನಾಲ್ ಇರುವುದರಿಂದ ಹಳೆ ರಬ್ಬರ್ ಪೈಪು, ಕಾರ್ಬುರೇಟರಿನ ಡಯಾಫ್ರಮ್ ಬಿರಿಯದಂತೆ ಹೊಸ ಬಗೆಯವನ್ನು ಹಾಕಬೇಕು. ಪೆಟ್ರೋಲ್ ಹಾಕಿಸುವುದೂ ಒಂದು ಕಲೆ: ನ್ಯೂಜೆರ್ಸಿಯಲ್ಲಿ ಗಿರಾಕಿ ತಾನೇ ಪಂಪು ಹಿಡಿಯುವಂತಿಲ್ಲ, ಬಂಕಿನ ಹುಡುಗನಿಗೆ ಕಾರಿನ ಹಿಂಬದಿಯ ನಟ್ಟನಡುವೆ ಮುಚ್ಚಳ ಇದೆ, ಒತ್ತಿ ತುಂಬಬೇಡ, ಬಂಪರಿನ ಮೇಲೆ ಚೆಲ್ಲುತ್ತದೆ ಎಂದು ಪ್ರತಿಸಲವೂ ಹೇಳಬೇಕು. ಅಂಬಾಸಡರನ್ನು ಮೇಸ್ತ್ರಿಯ ಕೈಯಲ್ಲಿ ಮೂವತ್ತು ವರ್ಷ ಓಡಿಸಿದ ಮನೆಯಿಂದ ಬಂದ ಕನ್ನಡಿಗನಿಗೆ ಈ ಪಂಥ ಥಟ್ಟನೆ ಅರ್ಥವಾಗುತ್ತದೆ. ನಮ್ಮಲ್ಲಿ ಅದು ಗತಿಯಿಲ್ಲದೆ ಕಲಿತ ವಿದ್ಯೆ, ಇಲ್ಲಿ ಆರಿಸಿಕೊಂಡದ್ದು.

ಇಲ್ಲಿನ ಕಾನೂನು ಈ ಪಂಥಕ್ಕೆ ಅಷ್ಟಾಗಿ ಒಲಿದಿಲ್ಲ. 25 ವರ್ಷ ದಾಟಿದ ಕಾರಿಗೆ ನ್ಯೂಜೆರ್ಸಿ ಐತಿಹಾಸಿಕ ನಂಬರ್ ಪ್ಲೇಟ್ ಕೊಡುತ್ತದೆ, ಆದರೆ ಪ್ರದರ್ಶನಕ್ಕೆ ಮತ್ತು ಶೈಕ್ಷಣಿಕ ಉದ್ದೇಶಕ್ಕೆ ಮಾತ್ರ. ಆಫೀಸಿಗೆ ಓಡಿಸಿದರೆ ನಿಯಮ ಮೀರಿದಂತೆ. ಆ ಪ್ಲೇಟಿನ ಕಾರಿಗೆ ರಾಜ್ಯದ ತಪಾಸಣೆಯೂ ಇಲ್ಲ. ಹಳೆ ಕಾರನ್ನು ನೋಡುವ ವಸ್ತುವೆಂದು ಭಾವಿಸಿದ ಕಾನೂನು, ಅದು ರಸ್ತೆಗೆ ಬಂದಾಗ ಬ್ರೇಕು ಹಿಡಿಯುತ್ತದೆಯೇ ಎಂದು ಕೇಳುವುದನ್ನೇ ಬಿಟ್ಟಿದೆ.

ಓಡಿಸುವವರ ಪಂಥಕ್ಕೆ ನ್ಯೂಜೆರ್ಸಿಯೇ ಕೊಟ್ಟ ದೊಡ್ಡ ಸಾಕ್ಷಿ ಒಂದಿದೆ. 1968ರ ‘ಬುಲಿಟ್’ ಸಿನಿಮಾದಲ್ಲಿ ಸ್ಟೀವ್ ಮೆಕ್ವೀನ್ ಓಡಿಸಿದ ಕಡುಹಸಿರು ಮಸ್ಟಾಂಗ್ ಜಿಟಿಯನ್ನು 1974ರಲ್ಲಿ ಇಲ್ಲಿನ ಕುಟುಂಬವೊಂದು ಪತ್ರಿಕೆಯ ಜಾಹೀರಾತು ನೋಡಿ 6,000 ಡಾಲರಿಗೆ ಕೊಂಡಿತು. ಮನೆಯಾಕೆ ಅದರಲ್ಲೇ ಶಾಲೆಗೆ ಪಾಠ ಹೇಳಲು ಹೋಗಿಬರುತ್ತಿದ್ದರು. 1977ರಲ್ಲಿ ಮೆಕ್ವೀನ್ ಖುದ್ದು ಕಾಗದ ಬರೆದು ಕೇಳಿದರೂ ಕೊಡಲಿಲ್ಲ. 1980ರ ಸುಮಾರಿಗೆ ಕ್ಲಚ್ಚು ಹೋಯಿತು, ಕಾರು ಮೂಲೆ ಸೇರಿತು. ದಶಕಗಳ ನಂತರ ಮಗ ಅದನ್ನು ಓಡುವಂತೆ ಮಾಡಿದ, ಬಣ್ಣ ಹೊಡೆಯಲಿಲ್ಲ. ತುಕ್ಕಿನ ಕಲೆ, ಸೀಟಿನ ಹರಕು, ಚಿತ್ರೀಕರಣಕ್ಕೆಂದು ಅಡಿಯಲ್ಲಿ ಬೆಸೆದಿದ್ದ ಕ್ಯಾಮೆರಾ ಹಿಡಿಕೆಗಳು, ಎಲ್ಲ ಹಾಗೇ ಉಳಿದವು. ಇದೇ ಆ ಕಾರು ಎಂದು ಸಾಬೀತು ಮಾಡುವಾಗ ಆ ಬೆಸುಗೆಗಳೂ ಸಾಕ್ಷಿಯಾದವು. ಕಾರ್ಖಾನೆಯಿಂದ ಹೊರಬಿದ್ದ ದಿನಕ್ಕೆ ಮರಳಿಸುತ್ತೇನೆಂದು ಹೊರಟವನು ಮೊದಲು ಕಡಿದು ಎಸೆಯುತ್ತಿದ್ದದ್ದು ಅವನ್ನೇ. 2020ರ ಜನವರಿಯಲ್ಲಿ ಕಾರು 37.4 ಲಕ್ಷ ಡಾಲರಿಗೆ ಹರಾಜಾಯಿತು.

ಸಿನಿಮಾ ನಟನ ಕಲೆಗೆ ಬೆಲೆ, ನಮ್ಮ ನಿಮ್ಮ ಕಲೆಗೆ ಏನು ಎಂದು ಕೇಳಬಹುದು. ನ್ಯಾಯವಾದ ಮಾತು. ಎಡಿಸನ್ನಿನ ಯಾವುದೋ ಮನೆಯ ಆರು ಸಿಲಿಂಡರ್ ಕಾರಿನ ಗೀರಿಗೆ ಹರಾಜಿನಲ್ಲಿ ಬೆಲೆ ಬರುವುದಿಲ್ಲ. ಆದರೆ ತತ್ವ ಎರಡಕ್ಕೂ ಒಂದೇ: ಕಾರಿನ ಚರಿತ್ರೆ ಕಾರ್ಖಾನೆಯ ಗೇಟಿನಲ್ಲಿ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ. ಹಳೆ ಕಾರುಗಳ ಕ್ಲಬ್ಬುಗಳೂ ಇದನ್ನು ತಡವಾಗಿ ಒಪ್ಪಿಕೊಂಡಿವೆ, ಮೂಲ ಬಣ್ಣ, ಮೂಲ ಸೀಟು ಉಳಿಸಿಕೊಂಡ ಕಾರುಗಳಿಗೆ ಬೇರೆ ವರ್ಗವನ್ನೇ ಮಾಡಿವೆ.

ಕಾರ್ಖಾನೆಯ ಗೇಟಿನ ಒಳಗಿನ ಚರಿತ್ರೆಯಾದರೂ ಪೂರ್ತಿ ಬಂದಿದೆಯೇ? ನನ್ನ ದೊಡ್ಡ ತಕರಾರು ಇದು. ನ್ಯೂಜೆರ್ಸಿಯ ಇನ್ನೊಂದು ಫೋರ್ಡ್ ಕಾರ್ಖಾನೆ ಉತ್ತರದ ಮಾವಾ ಊರಿನಲ್ಲಿತ್ತು, 1955ರಿಂದ 1980ರವರೆಗೆ. ಗ್ಯಾಲಕ್ಸಿಯಂಥ ದೊಡ್ಡ ಕಾರುಗಳು ಅಲ್ಲಿ ತಯಾರಾಗುತ್ತಿದ್ದವು. ಅಲ್ಲಿನ ಬಣ್ಣದ ವಿಭಾಗದ ಕೆಸರನ್ನು 1967ರಿಂದ 1971ರ ಸುಮಾರಿಗೆ ರಿಂಗ್‌ವುಡ್‌ನ ಹಳೆ ಕಬ್ಬಿಣದ ಗಣಿಗಳ ಸುತ್ತ ಸುರಿದರು. ಅದು ರಾಮಾಪೊ ಲೆನಾಪೆ ಎಂಬ ಮೂಲನಿವಾಸಿಗಳ ವಾಸದ ಜಾಗ. 1983ರಲ್ಲಿ ಸರ್ಕಾರ ಅದನ್ನು ಸೂಪರ್‌ಫಂಡ್ ಎಂಬ ವಿಷಭೂಮಿಗಳ ಪಟ್ಟಿಗೆ ಸೇರಿಸಿತು, ಶುದ್ಧವಾಯಿತೆಂದು 1994ರಲ್ಲಿ ತೆಗೆಯಿತು, ಆಗಿಲ್ಲವೆಂದು 2006ರಲ್ಲಿ ಮತ್ತೆ ಸೇರಿಸಿತು. ಅದೇ ಮಾವಾದಲ್ಲಿ 1969ರ ಏಪ್ರಿಲ್‌ನಲ್ಲಿ, ಮೇಲ್ವಿಚಾರಕನೊಬ್ಬನ ಜನಾಂಗೀಯ ಬೈಗುಳದ ವಿರುದ್ಧ ಕಪ್ಪು ಕಾರ್ಮಿಕರು ಯುನೈಟೆಡ್ ಬ್ಲ್ಯಾಕ್ ಬ್ರದರ್ಸ್ ಎಂಬ ಗುಂಪಿನ ಹೆಸರಲ್ಲಿ ಕೆಲಸ ನಿಲ್ಲಿಸಿದರು.

ಗ್ಯಾಲಕ್ಸಿಯ ಒಡೆಯನಿಗೆ ತನ್ನ ಕಾರಿನ ಮೂಲಬಣ್ಣದ ಕೋಡು ಬಾಯಿಪಾಠ. ಆ ಬಣ್ಣದಲ್ಲಿ ಮಿಕ್ಕಿದ್ದು ಎಲ್ಲಿಗೆ ಹೋಯಿತೆಂದು ಹೇಳುವ ಒಂದು ಸಾಲಿಗೂ ಅಂಕಪಟ್ಟಿಯಲ್ಲಿ ಜಾಗವಿಲ್ಲ. ಕೆಲಸಗಾರನ ಗೀಚು ಪವಿತ್ರ, ಕೆಲಸಗಾರ ಅನಾಮಧೇಯ. ಮೂಲಕ್ಕೆ ನಿಷ್ಠೆ ಎಂದು ಹೇಳಿಕೊಳ್ಳುವ ಪಂಥ ಮೂಲದಲ್ಲಿ ತನಗೆ ಬೇಕಾದ ಹೊಳೆಯುವ ಭಾಗವನ್ನಷ್ಟೇ ಆರಿಸಿಕೊಂಡಿದೆ. ಪ್ರದರ್ಶನಗಳಲ್ಲಿ ಕಾರಿನ ಮುಂದೆ ನಿಲ್ಲಿಸುವ ಫಲಕದಲ್ಲಿ ಎಂಜಿನ್ನಿನ ಅಳತೆ, ಅಶ್ವಶಕ್ತಿ, ಆ ಬಣ್ಣದ ಎಷ್ಟು ಕಾರು ತಯಾರಾದವು ಎಂಬ ಲೆಕ್ಕ ಎಲ್ಲ ಇರುತ್ತದೆ. ಕಾರ್ಖಾನೆಯ ಬಗ್ಗೆ ಬರೆಯಲು ಅದೇ ಫಲಕದಲ್ಲಿ ಎರಡು ಸಾಲಿನ ಜಾಗ ಸಾಕು.

ಹಾಗಾದರೆ ಅಂಕ ಯಾರಿಗೆ? ನನ್ನ ಕೈಗೆ ಪಟ್ಟಿ ಕೊಟ್ಟರೆ ಹೊಳಪಿಗೆ ಕಡಿಮೆ, ಕಡತಕ್ಕೆ ಹೆಚ್ಚು ಕೊಡುತ್ತೇನೆ. ಬಿಚ್ಚುವ ಮೊದಲು ತೆಗೆದ ಫೋಟೊ, ಬದಲಿಸಿದ ತಗಡಿನ ಪಟ್ಟಿ, ಡಬ್ಬಿಯಲ್ಲಿಟ್ಟ ಹಳೆ ಮಾಸ್ಟರ್ ಸಿಲಿಂಡರ್, ಯಾರಿಗೂ ಕಾಣದ ಕೌಲಿನ ಬೆಸುಗೆಯ ಬಿಲ್ಲು, ಹಿಂದಿನ ಒಡೆಯರ ಸರ್ವಿಸ್ ಚೀಟಿಗಳು, ಕಾರು ಹುಟ್ಟಿದ ಕಾರ್ಖಾನೆಯ ಬಗ್ಗೆ ಒಂದು ಪುಟ. ಇವಿಷ್ಟಿರುವ, ಬ್ರೇಕು ಗಟ್ಟಿಯಾಗಿರುವ, ವಾರಕ್ಕೊಮ್ಮೆಯಾದರೂ ರಸ್ತೆಗಿಳಿಯುವ ಕಾರು, ಬಣ್ಣ ಸ್ವಲ್ಪ ಮಾಸಿದ್ದರೂ, ಟ್ರೇಲರಿನ ಮೇಲೆ ಬಂದು ಟ್ರೇಲರಿನ ಮೇಲೆ ಮರಳುವ ಬಹುಮಾನದ ಕಾರಿಗಿಂತ ದೊಡ್ಡ ಕೆಲಸ. ಮಸ್ಟಾಂಗ್ ಕೊಳ್ಳಬೇಕೆಂದಿರುವ ಕನ್ನಡದ ಗೆಳೆಯರಿಗೆ ನನ್ನ ಸಲಹೆಯೂ ಇದೇ: ದುಬಾರಿ ಬಣ್ಣದ ಕಾರನ್ನು ಬಿಟ್ಟು ದಪ್ಪ ಕಡತದ ಕಾರನ್ನು ಹುಡುಕಿ, ಮಿಕ್ಕ ದುಡ್ಡನ್ನು ಬ್ರೇಕಿಗೂ ಕೌಲಿಗೂ ಹಾಕಿ.